ಕಾಲರಿನ ಒಳಗೆ ಬರೆದ ಅಂಕಿ

ಬೆಳಗಿನ ಐದೂಮುಕ್ಕಾಲು. ಸಮುದ್ರದ ಕಡೆ ಇನ್ನೂ ಬೂದು ಬಣ್ಣ. ಡೈವಿಂಗ್ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ನೀರಿನಡಿ ಇಳಿಯುವವರು ತೊಡುವ ರಬ್ಬರಿನ ಅರವತ್ತೆರಡು ವೆಟ್‌ಸೂಟ್‌ಗಳು ತಲೆಯೂ ಪಾದವೂ ಇಲ್ಲದ ಮನುಷ್ಯರ ಹಾಗೆ ಸಾಲಾಗಿ ನೇತಾಡುತ್ತಿವೆ. ಅವುಗಳ ನಡುವೆ ಒಬ್ಬ ಹೆಂಗಸು ನಿಧಾನವಾಗಿ ನಡೆಯುತ್ತಾರೆ. ಒಂದೊಂದು ಸೂಟಿನ ಭುಜವನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿ ಬಿಡುತ್ತಾರೆ. ಕೆಲವು ಕಡೆ ರಬ್ಬರು ತಕ್ಷಣ ಉಬ್ಬಿ ಮೊದಲಿನಂತಾಗುತ್ತದೆ. ಕೆಲವು ಕಡೆ ಒತ್ತಿದಲ್ಲಿ ಗುಳಿ ಬಿದ್ದು ಹಾಗೆಯೇ ಉಳಿಯುತ್ತದೆ.

"ಇದಕ್ಕೆ ಜೀವ ಇದೆ," ಎನ್ನುತ್ತಾರೆ ಒಂದನ್ನು ಬಿಟ್ಟು. ಮುಂದಿನದನ್ನು ಹಿಡಿದು, "ಇದು ಸತ್ತಿದೆ. ಸತ್ತು ಎರಡು ವರ್ಷ ಆಯ್ತು, ಇನ್ನೂ ಡ್ಯೂಟಿಗೆ ಹೋಗ್ತಿದೆ."

ಅಂಗಡಿಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಅಂಟಕ್ಕ ಎಂದು. ಹರಿದ ಸೂಟುಗಳನ್ನು ಕಪ್ಪು ಅಂಟು ಹಾಕಿ ಸೇರಿಸುವುದು ಇವರ ಕೆಲಸ. ಆ ಅಂಟು ಉಗುರಿನ ಸಂದಿಯಲ್ಲಿ ಸೇರಿ ಹೋಗಿದೆ, ಸೋಪಿಗೂ ಬಗ್ಗುವುದಿಲ್ಲ, ಸೀಮೆಎಣ್ಣೆಗೂ ಬಗ್ಗುವುದಿಲ್ಲ. "ನಮ್ಮನೇಲಿ ಅನ್ನಕ್ಕೂ ಇದೇ ವಾಸನೆ. ಒಂದು ಲಾಭ ಏನಂದ್ರೆ ನನ್ನ ಕೈಯಡುಗೆ ತಿಂದೋರ ಹೊಟ್ಟೆ ಪಂಕ್ಚರ್ ಆಗಲ್ಲ."

ವಯಸ್ಸು ನಲವತ್ತಾರು. ಈ ಶೆಡ್ಡಿಗೆ ಬಂದು ಹತ್ತೊಂಬತ್ತು ವರ್ಷ. ದಿನಕ್ಕೆ ಐವತ್ತರಿಂದ ಅರವತ್ತು ಸೂಟು ತೊಳೆಯುತ್ತಾರೆ, ಒಂದೊಂದನ್ನೂ ಮೂರು ತೊಟ್ಟಿಯಲ್ಲಿ: ಮೊದಲು ಉಪ್ಪು ಬಿಡಿಸಲು, ಆಮೇಲೆ ಔಷಧಿ ನೀರಿನಲ್ಲಿ, ಕೊನೆಗೆ ಸಿಹಿನೀರಿನಲ್ಲಿ. ಒದ್ದೆ ಸೂಟು ಎತ್ತಿದರೆ ಆರೇಳು ಕಿಲೋ ಭಾರ. ಮಗು ನಿದ್ದೆ ಹೋದ ಮೇಲೆ ಅದರ ಕಾಲಿನಿಂದ ಒದ್ದೆ ಕಾಲುಚೀಲ ಕಳಚಿದವರಿಗೆ ಈ ರಬ್ಬರಿನ ಹಟ ಸ್ವಲ್ಪ ಅರ್ಥವಾದೀತು. ಒಳಮೈ ಹೊರಗೆ ತಿರುಗಿಸಲು ತೋಳಿನೊಳಗೆ ಭುಜದವರೆಗೂ ಕೈ ತೂರಿಸಿ ಎಳೆಯಬೇಕು. ಇನ್ನು ಒಳಗಿನ ವಾಸನೆಯ ಮಾತು ಬಂದರೆ ಅಂಟಕ್ಕ ನಗುತ್ತಾರೆ. "ಎಂತೆಂಥ ದೊಡ್ಡ ಮನುಷ್ಯರ ಗುಟ್ಟು ನನ್ನ ಹತ್ರ ಇದೆ ಗೊತ್ತಾ? ಮೇಲೆ ಬಂದು ಮೀನು ನೋಡಿದೆ, ಆಮೆ ನೋಡಿದೆ ಅಂತಾರೆ. ಒಳಗೆ ಏನು ಮಾಡಿದ್ರು ಅನ್ನೋದು ತೊಳೆಯೋಳಿಗೆ ಗೊತ್ತು."

ಅಂಟಕ್ಕ ಒಮ್ಮೆಯೂ ನೀರಿನಡಿ ಹೋದವರಲ್ಲ. ಚಿಕ್ಕಂದಿನಲ್ಲೇ ಬಲಗಿವಿಯ ತಮಟೆ ಒಡೆದಿದೆ. ಆದರೂ ಇಲ್ಲಿಗೆ ಬರಲು ಯೋಚಿಸುತ್ತಿರುವ ಪ್ರವಾಸಿಗರ ಫೋನುಗಳು ಒಂಬತ್ತು ಗಂಟೆಯ ನಂತರ ಇವರ ಬಳಿಗೇ ಬರುತ್ತವೆ. ಬುಕಿಂಗ್ ಕೌಂಟರಿನ ಹುಡುಗಿಗೆ ದೋಣಿಯ ವೇಳೆ ಗೊತ್ತು, ರೂಮಿನ ಬಾಡಿಗೆ ಗೊತ್ತು. ಸೂಟಿನ ಪ್ರಶ್ನೆ ಬಂದ ಕೂಡಲೇ ಫೋನಿನ ಬಾಯಿ ಮುಚ್ಚಿ ಶೆಡ್ಡಿಗೆ ಓಡಿಬರುತ್ತಾಳೆ.

ಇವತ್ತು ಆ ಕಡೆ ಇರುವುದು ಗಂಡ ಹೆಂಡತಿ. ಮದುವೆಯಾಗಿ ಹತ್ತು ವರ್ಷವಾದ ಖುಷಿಗೆ ಏಳು ದಿನದ ಪ್ರವಾಸ. ದ್ವೀಪದ ನೀರು ಬೆಚ್ಚಗಿರುತ್ತದಂತೆ, ಸೂಟು ಯಾಕೆ ಬೇಕು ಎನ್ನುತ್ತಿದ್ದಾರೆ ಗಂಡ.

"ಬೆಚ್ಚಗೇ ಇರತ್ತೆ ಅನ್ನು," ಅಂಟಕ್ಕ ಕೈಯಲ್ಲಿನ ಬ್ರಷ್ ಬಿಡದೆ ಹೇಳುತ್ತಾರೆ. "ಬಕೆಟ್ ನೀರು ಉಗುರು ಬೆಚ್ಚಗಿದ್ರೂ ಒಂದು ಗಂಟೆ ಅದರಲ್ಲಿ ಕೂತ್ರೆ ನಡುಗಲ್ವಾ? ದಿನಕ್ಕೆ ಎಷ್ಟು ಸಲ ಇಳೀತಾರೆ ಕೇಳು."

ಹುಡುಗಿ ಕೇಳುತ್ತಾಳೆ. "ಎರಡು ಸಲ ಅಂತೆ ಅಕ್ಕ."

"ಹಾಗಾದ್ರೆ ಮೂರು ಎಂಎಂ ದಪ್ಪದ್ದು, ಮೈತುಂಬ ಇರೋದು. ಫೋಟೋ ತೆಗೆಯೋ ಹುಚ್ಚಿದ್ಯಾ ಕೇಳು. ಫೋಟೋದವರು ಅಲ್ಲಾಡದೆ ಕೂತಿರ್ತಾರೆ, ಅವರಿಗೆ ಬೇಗ ಚಳಿ ಹತ್ತತ್ತೆ. ಅಂಥೋರಿಗೆ ಐದು. ಊರಲ್ಲಿ ಅಂಗಡೀಲಿ ಕೊಳ್ಳೋದಾದ್ರೆ ಹಾಕ್ಕೊಂಡು ಬಗ್ಗಿ ನೋಡಲಿ, ಬೆನ್ನಿನ ಹತ್ರ ಚೀಲದ ಥರ ಉಬ್ಬಿದ್ರೆ ಬೇಡ. ಅಲ್ಲಿ ತಣ್ಣೀರು ನುಗ್ಗತ್ತೆ. ಅಂಗಡೀಲಿ ಆರಾಮಾಗಿದೆ ಅನ್ನಿಸೋ ಸೂಟು ನೀರಲ್ಲಿ ದೊಗಳೆ. ಹಾಕ್ಕೊಳ್ಳೋವಾಗ ಗಂಡ ಹೆಂಡ್ತಿ ಒಂದು ಸಲ ಜಗಳ ಆಡ್ಬೇಕು, ಅದು ಸರಿಯಾದ ಅಳತೆ."

ಹುಡುಗಿ ಇದನ್ನೆಲ್ಲ ಇಸ್ತ್ರಿ ಮಾಡಿದ ಮಾತಿನಲ್ಲಿ ಫೋನಿಗೆ ಒಪ್ಪಿಸುತ್ತಾಳೆ. ಜಗಳ ಬಿಟ್ಟುಹೋಗುತ್ತದೆ. ಕೊನೆಯ ಡೈವಿಗೂ ವಿಮಾನಕ್ಕೂ ಒಂದು ಪೂರ್ತಿ ದಿನದ ಅಂತರ ಇರಲಿ ಎನ್ನುವುದನ್ನು ಎರಡು ಸಲ ಹೇಳಿಸುತ್ತಾರೆ ಅಂಟಕ್ಕ. ಅಷ್ಟರಲ್ಲಿ ಹೆಂಡತಿಯ ಪ್ರಶ್ನೆ: ಕೆಂಪು ಬಣ್ಣದ್ದು ಸಿಗುತ್ತದೆಯೇ, ಫೋಟೋದಲ್ಲಿ ಎದ್ದು ಕಾಣಬೇಕು.

"ಹತ್ತು ಮೀಟರ್ ಕೆಳಗೆ ಕೆಂಪು ಇರಲ್ಲ, ಬೂದಿ ಥರ ಕಾಣತ್ತೆ ಅನ್ನು."

ಇಳಿಯದವರಿಗೆ ಇದು ಹೇಗೆ ಗೊತ್ತು? "ತಮ್ಮ ಹೇಳಿದ್ದು. ಸಮುದ್ರದ ಕೆಳಗಿಂದು ನನಗೆ ಏನೇನು ಗೊತ್ತೋ ಎಲ್ಲಾ ಅವನ ಬಾಯಿಂದಲೇ."

ಅಂಗಡಿಯ ಗೋಡೆಯ ಮೇಲೆ ಪ್ರವಾಸಿಗರ ಮೆಚ್ಚುಗೆಯ ಮಾತುಗಳನ್ನು ಚೌಕಟ್ಟು ಹಾಕಿ ತೂಗುಹಾಕಿದ್ದಾರೆ. ಅದರಲ್ಲಿ ನಾಲ್ಕೈದು ಕಡೆ 'ನಿಮ್ಮ ತಜ್ಞರ ಸಲಹೆಗೆ ಧನ್ಯವಾದ' ಎಂದಿದೆ. ತಜ್ಞರು ಆ ಗೋಡೆಯ ಆಚೆ ತೊಟ್ಟಿ ಉಜ್ಜುತ್ತಿರುತ್ತಾರೆ. ಸೂಟಿಗಾಗಿ ಬಂದು ನಿಂತವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಟೇಪು ಮುಟ್ಟದೆ ಸೂಟು ಎತ್ತಿ ಕೊಡುತ್ತಾರೆ. ಕಣ್ಣಳತೆ ತಪ್ಪುವುದು ತಿಂಗಳಿಗೆ ಒಂದೋ ಎರಡೋ ಸಲ. ಅದೂ ಹೊಟ್ಟೆ ಒಳಗೆಳೆದುಕೊಂಡು ನಿಂತವರಿಂದ.

ತಾಯಿ ತೀರಿಕೊಂಡಾಗ ಅಂಟಕ್ಕನಿಗೆ ಇಪ್ಪತ್ತೊಂದು, ತಮ್ಮನಿಗೆ ಹತ್ತು. ಹೋಟೆಲಿನ ಬಟ್ಟೆ ಒಗೆಯುವ ಕೆಲಸದಿಂದ ಶುರು. ಮದುವೆಯ ಮಾತು ಬಂದಾಗ ತಮ್ಮ ಐದನೇ ಕ್ಲಾಸು. ಅವನ ಹತ್ತನೇ ಕ್ಲಾಸು ಮುಗಿಯುವ ಹೊತ್ತಿಗೆ ಮಾತೆತ್ತುವವರು ಯಾರೂ ಉಳಿದಿರಲಿಲ್ಲ. ಜೆಟ್ಟಿಯ ಕೆಳಗೆ ಈಜು ಕಲಿತ ತಮ್ಮ ಮೊದಲು ಈ ಅಂಗಡಿಯ ದೋಣಿಗೆ ಸೇರಿದ, ಆಮೇಲೆ ಪರೀಕ್ಷೆ ಪಾಸು ಮಾಡಿ ಗೈಡ್ ಆದ. ಎಂಟು ವರ್ಷ ಪ್ರವಾಸಿಗರನ್ನು ಕೆಳಗೆ ಕರೆದೊಯ್ದು ಒಬ್ಬರ ಕೂದಲೂ ಕೊಂಕದ ಹಾಗೆ ಮೇಲೆ ತಂದ.

ಇಲ್ಲಿ ಸೂಟುಗಳ ಆಯಸ್ಸಿನ ಬಗ್ಗೆ ಹೇಳಬೇಕು. ಹೊಸ ರಬ್ಬರಿನ ತುಂಬ ಸಣ್ಣ ಸಣ್ಣ ಗಾಳಿಗುಳ್ಳೆ. ಮೈ ಬೆಚ್ಚಗಿಡುವುದು ಅವೇ. ನೂರಾರು ಸಲ ಆಳಕ್ಕೆ ಹೋಗಿ ಬಂದ ಮೇಲೆ ಗುಳ್ಳೆಗಳು ಒಡೆದು ರಬ್ಬರು ಚಪ್ಪಟೆಯಾಗುತ್ತದೆ. ಮೊದಲ ಎರಡು ವರ್ಷ ಸೂಟು ಅತಿಥಿಗಳಿಗೆ. ಮೂರನೇ ವರ್ಷ ತೇಪೆ ಹಾಕಿಸಿಕೊಂಡು ಕಡಿಮೆ ಬಾಡಿಗೆಯ ಅತಿಥಿಗಳಿಗೆ. ಅವರೂ ಮೂಗು ಮುರಿಯತೊಡಗಿದಾಗ ಗೈಡ್‌ಗಳಿಗೆ.

"ಅತಿಥಿ ವಾರಕ್ಕೆ ಐದಾರು ಸಲ ಇಳೀತಾರೆ. ಗೈಡ್ ದಿನಕ್ಕೆ ಮೂರು ಸಲ, ಸೀಸನ್ ಪೂರ್ತಿ. ಯಾರಿಗೆ ಒಳ್ಳೇದು ಕೊಡ್ಬೇಕು ನೀವೇ ಹೇಳಿ," ಎನ್ನುತ್ತಾರೆ ಅಂಟಕ್ಕ. "ನಾನು ಈ ಪ್ರಶ್ನೆ ಕೇಳಿದ್ದಕ್ಕೆ ಮಾಲೀಕರು ಏನಂದ್ರು ಗೊತ್ತಾ? ಅವರಿಗೆ ಅಭ್ಯಾಸ ಆಗಿರತ್ತೆ ಬಿಡು ಅಂದ್ರು. ಚಳಿ ಅಭ್ಯಾಸ ಆಗೋದನ್ನ ನಾನಂತೂ ನೋಡಿಲ್ಲ."

ಗೈಡ್‌ಗಳ ಸೂಟಿಗೆ ಈ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ರಬ್ಬರು ತೇಲುತ್ತದೆ, ಆದ್ದರಿಂದ ಮುಳುಗಲು ಸೊಂಟಕ್ಕೆ ಸೀಸದ ಬಿಲ್ಲೆ ಕಟ್ಟಿಕೊಳ್ಳಬೇಕು. ಯಾವ ಮೈಗೆ, ಯಾವ ಸೂಟಿಗೆ ಎಷ್ಟು ಬಿಲ್ಲೆ ಎನ್ನುವುದನ್ನು ನೀರಿನಲ್ಲಿ ನಿಲ್ಲಿಸಿ ನೋಡಿಯೇ ತೀರ್ಮಾನಿಸಬೇಕು. ಅತಿಥಿಗಳಿಗೆ ಹಾಗೆ ಮಾಡುತ್ತಾರೆ. ಗೈಡ್‌ಗಳಿಗೆ ಪುರುಸೊತ್ತಿಲ್ಲ. ಹಾಗಾಗಿ ಅಂಟಕ್ಕ ಅವರವರ ಸೂಟಿನ ಕಾಲರಿನ ಒಳಗೆ ಬಿಳಿ ಬಣ್ಣದಲ್ಲಿ ಬಿಲ್ಲೆಯ ಅಂಕಿ ಬರೆದಿಡುತ್ತಾರೆ. ಗೈಡ್ ಕಾಲರ್ ಮಡಚಿ ನೋಡುತ್ತಾನೆ, ಅಷ್ಟು ಬಿಲ್ಲೆ ತೆಗೆದುಕೊಳ್ಳುತ್ತಾನೆ, ದೋಣಿ ಹತ್ತುತ್ತಾನೆ. ತಮ್ಮನ ಕಾಲರಿನಲ್ಲಿದ್ದ ಅಂಕಿ ನಾಲ್ಕು.

ಹದಿನಾಲ್ಕು ತಿಂಗಳ ಹಿಂದಿನ ಒಂದು ಮಧ್ಯಾಹ್ನ. ಎರಡನೇ ಡೈವ್ ಮುಗಿಸಿ ಬಂದ ತಮ್ಮ ಶೆಡ್ಡಿನ ಮೆಟ್ಟಿಲ ಮೇಲೆ ಕೂತಿದ್ದ. ತುಟಿ ನೇರಳೆ ಬಣ್ಣ. ಚಹಾದ ಲೋಟ ಹಲ್ಲಿಗೆ ತಾಗಿ ಟಕಟಕ ಎನ್ನುತ್ತಿತ್ತು. ಮೂರನೇ ಡೈವಿಗೆ ಇನ್ನು ಅರ್ಧ ಗಂಟೆ. ಹಿಂದಿನ ದಿನವಷ್ಟೇ ಹೊಸ ಐದು ಎಂಎಂ ಸೂಟುಗಳ ಕಟ್ಟು ಬಂದಿತ್ತು, ಅದರಲ್ಲೊಂದರ ಭುಜದ ಹೊಲಿಗೆ ಬಿಟ್ಟಿತ್ತು. ಅತಿಥಿಗೆ ಕೊಡುವಂತಿರಲಿಲ್ಲ. ಅಂಟಕ್ಕ ಅದಕ್ಕೆ ಸೂಜಿ ಹಾಕಿ, ಅಂಟು ಬಳಿದು, ಒಣಗಿಸಿ, ಕಾಲರಿನಲ್ಲಿ ಅಂಕಿ ಬರೆದು ತಮ್ಮನ ಮಡಿಲಿಗೆ ಎಸೆದರು.

"ಏನಕ್ಕ, ಮದುಮಗನ ಸೂಟಾ?" ಎಂದನಂತೆ.

"ಬಾಯಿ ಮುಚ್ಕೊಂಡು ಹಾಕ್ಕೋ. ಮಾಲೀಕರು ನೋಡೋದ್ರೊಳಗೆ ದೋಣಿ ಹತ್ತು."

ಚಪ್ಪಟೆಯಾದ ಹಳೆಯ ಸೂಟು ಅಷ್ಟಾಗಿ ತೇಲುವುದಿಲ್ಲ, ನಾಲ್ಕು ಬಿಲ್ಲೆ ಸಾಕು. ಗುಳ್ಳೆ ತುಂಬಿದ ಹೊಸ ಸೂಟಿಗೆ ಏಳಾದರೂ ಬೇಕು. ಅಂಟಕ್ಕ ಬರೆದದ್ದು ನಾಲ್ಕು.

"ಕೈ ತಾನಾಗೇ ಬರೀತು," ಎನ್ನುತ್ತಾರೆ. ಬ್ರಷ್ ಕೆಳಗಿಟ್ಟಿದ್ದಾರೆ. "ಎಂಟು ವರ್ಷದಲ್ಲಿ ಅವನಿಗೆ ಐದು ಸೂಟು ಬದಲಾಯಿಸಿದ್ದೀನಿ. ಒಂದು ಸತ್ತ ಸೂಟು ಹೋಗಿ ಇನ್ನೊಂದು ಸತ್ತ ಸೂಟು ಬರೋದು. ಪ್ರತಿ ಸಲವೂ ನಾಲ್ಕೇ. ಹೊಸದು ಅಂತ ಒಂದು ಅವನ ಮೈಮೇಲೆ ಬಂದಿದ್ರೆ ತಾನೇ ಅಂಕಿ ಬದಲಾಗತ್ತೆ ಅನ್ನೋದು ನನ್ನ ಕೈಗೆ ಗೊತ್ತಿರೋದು?"

ಇಳಿಯುವಾಗಲೇ ತಮ್ಮನಿಗೆ ಕಷ್ಟವಾಯಿತು. ಲಂಗರಿನ ಹಗ್ಗ ಹಿಡಿದು ಮೈಯನ್ನು ಕೆಳಗೆಳೆದುಕೊಂಡ. ಆರು ಜನ ಅತಿಥಿಗಳು ಹಗ್ಗದ ಬಳಿ ಕಾಯುತ್ತಿದ್ದರು, ಮತ್ತೆ ದೋಣಿ ಹತ್ತಿ ಬಿಲ್ಲೆ ಸೇರಿಸಿಕೊಳ್ಳಲು ಸಮಯವಿರಲಿಲ್ಲ. ಆಳದಲ್ಲಿ ನೀರಿನ ಒತ್ತಡಕ್ಕೆ ಹೊಸ ರಬ್ಬರೂ ಕುಗ್ಗಿ ಎಲ್ಲ ಸರಿಹೋಯಿತು. ಮೇಲೆ ಬರುವಾಗ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದು ನಿಯಮ. ರಕ್ತದಲ್ಲಿ ಸೇರಿದ ಗಾಳಿ ಅಷ್ಟರಲ್ಲಿ ಮೆಲ್ಲಗೆ ಹೊರಹೋಗಬೇಕು, ಇಲ್ಲದಿದ್ದರೆ ಗುಳ್ಳೆಯಾಗಿ ನರಗಳಿಗೆ ಪೆಟ್ಟು ಕೊಡುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಬೆನ್ನಿನ ಗಾಳಿಯ ಸಿಲಿಂಡರ್ ಬಹುಪಾಲು ಖಾಲಿಯಾಗಿ ಹಗುರ, ಸೂಟು ಮತ್ತೆ ಉಬ್ಬಿದೆ. ಹಗ್ಗ ಹಿಡಿದೇ ನಿಂತಿದ್ದ. ಅತಿಥಿಗಳಲ್ಲಿ ಒಬ್ಬಳು ಗಾಬರಿಯಾಗಿ ಮೇಲೇಳತೊಡಗಿದಾಗ ಹಗ್ಗ ಬಿಟ್ಟು ಹೋಗಿ ಅವಳನ್ನು ಕೆಳಗೆ ತಳ್ಳಿ ಹಗ್ಗ ಹಿಡಿಸಿದ. ತನಗೆ ಹಿಡಿಯಲು ಏನೂ ಉಳಿಯಲಿಲ್ಲ. ಸೀದಾ ಮೇಲಕ್ಕೆ ಹಾರಿದ.

ಅರ್ಧ ಗಂಟೆಯಲ್ಲಿ ಎಡಗಾಲು ಜೋಮು ಹಿಡಿಯಿತು. ಇಂಥ ಕಾಯಿಲೆಗೆ ಒತ್ತಡದ ಕೋಣೆ ಇರುವ ಆಸ್ಪತ್ರೆ ದೋಣಿಯಲ್ಲಿ ಆರು ಗಂಟೆಯ ದೂರ. ಜೀವ ಉಳಿಯಿತು. ಎಡಗಾಲು ಇವತ್ತಿಗೂ ಅವನ ಹಿಂದೆ ಎಳೆದುಕೊಂಡು ಬರುತ್ತದೆ. ಆ ಅತಿಥಿ ಆರಾಮವಾಗಿ ಊರು ಸೇರಿ, ಹೂವಿನ ಚಿತ್ರವಿರುವ ಕಾರ್ಡೊಂದನ್ನು ಅಂಗಡಿಯ ವಿಳಾಸಕ್ಕೆ ಕಳಿಸಿದ್ದಾರೆ. ಗೋಡೆಯ ಚೌಕಟ್ಟುಗಳಲ್ಲಿ ಅದೂ ಒಂದು.

ಅಂಗಡಿಯ ಅಪಘಾತ ಪುಸ್ತಕದಲ್ಲಿ ಆ ದಿನದ ಕಾರಣ ಒಂದೇ ಸಾಲಿನಲ್ಲಿದೆ: 'ತೂಕದ ವಿಷಯದಲ್ಲಿ ಗೈಡ್‌ನ ಅಜಾಗರೂಕತೆ.'

ಮರುದಿನ ಅಂಟಕ್ಕ ಆ ಸೂಟನ್ನು ಕಂಕುಳಲ್ಲಿ ಇಟ್ಟುಕೊಂಡು ಮಾಲೀಕರ ಮುಂದೆ ನಿಂತರು. ಕಾಲರ್ ಮಡಚಿ ಅಂಕಿ ತೋರಿಸಿದರು. ಬರೆದವಳು ನಾನು ಎಂದರು. ಆಮೇಲಿನ ಮಾತುಗಳನ್ನು ಅವರು ಅಳದೆ, ಅಕ್ಷರ ಬಿಡದೆ ಒಪ್ಪಿಸುತ್ತಾರೆ.

"ಮಾಲೀಕರು ಬಾಗಿಲು ಹಾಕಿದ್ರು. ಕೂತ್ಕೋ ಅಂದ್ರು. ಹತ್ತೊಂಬತ್ತು ವರ್ಷದಲ್ಲಿ ಕೂತ್ಕೋ ಅಂದಿದ್ದು ಅದೊಂದೇ ಸಲ. ಇದು ನಿನ್ನ ತಪ್ಪು ಅಂತ ಬರೆದ್ರೆ, ಹೊಸ ಸೂಟು ಯಾಕೆ ಕೊಟ್ಟೆ ಅಂತ ತನಿಖೆಗೆ ಬಂದೋರು ಕೇಳ್ತಾರೆ, ಹಳೇದು ಹೇಗಿತ್ತು ತೋರಿಸು ಅಂತಾರೆ, ಎಲ್ಲಾ ಗೈಡ್‌ಗಳ ಸೂಟು ತೆಗೆಸಿ ನೋಡ್ತಾರೆ, ಅಂಗಡಿಗೆ ಬೀಗ ಬೀಳತ್ತೆ. ಅವನ ಮೇಲೆ ಬರೆದ್ರೆ ಅವನೊಬ್ಬನ ಜೊತೆ ಮುಗಿಯತ್ತೆ. ಅವನು ಹೇಗೂ ಇನ್ನು ಇಳಿಯಲ್ಲ. ನೀನೂ ಮನೇಲಿ ಕೂತ್ರೆ ಅವನಿಗೆ ಊಟ ಹಾಕೋರು ಯಾರು? ಯೋಚನೆ ಮಾಡು ಅಂದ್ರು."

ಯೋಚನೆ ಮಾಡಿದಿರಾ?

"ಸಹಿ ಮಾಡಿದೆ. ಸಾಕ್ಷಿ ಅಂತ ಒಂದು ಜಾಗ ಇರತ್ತಲ್ಲ ಕೆಳಗೆ, ಅಲ್ಲಿ."

ಆ ಸೂಟು ಬಿಸಾಡಲಿಲ್ಲ. ಕಾಲರಿನ ಬಿಳಿ ಅಂಕಿಯನ್ನು ತಿನ್ನರ್ ಹಾಕಿ ಒರೆಸಲು ಹೇಳಿದರು, ಅಂಟಕ್ಕನೇ ಒರೆಸಿದರು. ಈಗ ಅದಕ್ಕೆ ಬಾಡಿಗೆ ನಂಬರು ನಲವತ್ತೊಂದು. ಮೊನ್ನೆ ಒಬ್ಬ ದಂತವೈದ್ಯರು ಅದನ್ನು ಹಾಕಿಕೊಂಡು ಹೋಗಿ, ತುಂಬ ಬೆಚ್ಚಗಿತ್ತು ಎಂದರಂತೆ.

ಮನೆ ಅಂಗಡಿಯಿಂದ ಹತ್ತು ನಿಮಿಷದ ನಡಿಗೆ. ಐಸ್ ಕಾರ್ಖಾನೆಯ ಹಿಂದೆ, ಮೊದಲ ಮಹಡಿಯಲ್ಲಿ ಒಂದೂವರೆ ಕೋಣೆ. ಅರ್ಧ ಕೋಣೆ ತಮ್ಮನದು. ಮೆಟ್ಟಿಲಿಗೆ ಹಗ್ಗ ಕಟ್ಟಿದ್ದಾರೆ, ಅವನು ಹಿಡಿದು ಇಳಿಯಲು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಿತ್ತುಹೋದ ಡೈವಿಂಗ್ ಮಾಸ್ಕ್‌ಗಳಿಗೆ ಪಟ್ಟಿ ಹಾಕುತ್ತಿರುವ ಆತನಿಗೆ ಮೂವತ್ತೈದು ವಯಸ್ಸು ಎಂದರೆ ನಂಬುವುದು ಕಷ್ಟ.

"ಅಕ್ಕನ್ನ ಪೇಪರಲ್ಲಿ ಹಾಕ್ತೀರಂತೆ. ಹಾಕಿ ಹಾಕಿ, ಫೋಟೋದಲ್ಲಿ ವಾಸನೆ ಬರಲ್ಲ," ಎಂದು ನಗುತ್ತಾನೆ. ಅಂಕಿಯ ಮಾತು ತೆಗೆದ ಕೂಡಲೇ ನಗು ನಿಲ್ಲುತ್ತದೆ. "ಅದನ್ನ ಯಾಕೆ ಕೆದಕ್ತೀರಿ? ಇಳಿಯೋವಾಗಲೇ ನನಗೆ ಗೊತ್ತಾಗಿತ್ತು. ವಾಪಸ್ ಹತ್ತಬೇಕಿತ್ತು. ತಪ್ಪು ನಂದೇ."

"ಆರು ಜನ ಕಾಯ್ತಿದ್ರು," ಒಳಗಿನಿಂದ ಅಂಟಕ್ಕನ ಧ್ವನಿ.

"ಕಾಯಲಿ ಬಿಡು. ನೀರಲ್ಲಿ ಯಾರೂ ಬಾಡಿ ಹೋಗಲ್ಲ."

"ಅವತ್ತು ಹೀಗೆ ಅನ್ನಬೇಕಿತ್ತು ನೀನು."

ತಮ್ಮ ಪಟ್ಟಿಯ ಕೊಂಡಿಯನ್ನು ಮಾಸ್ಕಿಗೆ ಸಿಕ್ಕಿಸುತ್ತಾನೆ.

ಹದಿನಾಲ್ಕು ತಿಂಗಳ ಹಳೆಯ ಆ ಒಂದು ಸಾಲು ಈಗ ಕುತ್ತಿಗೆಗೆ ಬಂದಿರುವುದಕ್ಕೆ ಕಾರಣವಿದೆ. ಗೈಡ್‌ಗಳ ಸಂಘ ಹೊಸಬರಿಗೆ ಈಜುಕೊಳದಲ್ಲಿ ತರಬೇತಿ ಶುರು ಮಾಡುತ್ತಿದೆ. ಎದೆಮಟ್ಟದ ನೀರಿನಲ್ಲಿ ನಿಂತು ಕಲಿಸುವ ಕೆಲಸ, ಕುಂಟುವ ಕಾಲಿಗೆ ಅಡ್ಡಿಯಿಲ್ಲ. ತಮ್ಮ ಅರ್ಜಿ ಹಾಕಿದ. ಸಂಘದ ಕಾರ್ಯದರ್ಶಿ ಅಪಘಾತ ಪುಸ್ತಕದ ನಕಲು ತೆಗೆದು ಮುಂದಿಟ್ಟರು. ಮೊದಲ ಪಾಠವೇ ತೂಕದ್ದು, ಅದರಲ್ಲೇ ಎಡವಿದವನನ್ನು ಮಾಸ್ತರನಾಗಿ ಹೇಗೆ ನಿಲ್ಲಿಸಲಿ ಎಂದರು. ಸೂಟು ಕೊಟ್ಟವರು ನಿಜ ಏನೆಂದು ಬರೆದುಕೊಟ್ಟರೆ ನೋಡೋಣ ಎಂದೂ ಅಂದರು. ಅರ್ಜಿ ತೀರ್ಮಾನವಾಗುವುದು ಮುಂದಿನ ತಿಂಗಳ ಹತ್ತಕ್ಕೆ.

ಅಂಟಕ್ಕ ಬರೆದರು. ಸಂಘಕ್ಕೆ ಕೊಡಲು ಹೊರಡುವ ಮೊದಲೇ ಕಾಗದ ತಮ್ಮನ ಕೈಗೆ ಸಿಕ್ಕಿತು, ಹರಿದು ಹಾಕಿದ. ಇನ್ನೊಂದು ಬರೆದು ಅಕ್ಕಿ ಡಬ್ಬಿಯಲ್ಲಿ ಮುಚ್ಚಿಟ್ಟರು. ಅದನ್ನೂ ಹುಡುಕಿ ಹರಿದ. ಅಕ್ಕ ಕದ್ದುಮುಚ್ಚಿ ಇನ್ನೇನಾದರೂ ಮಾಡಿದರೆ ತಾನೇ ಸಂಘಕ್ಕೆ ಹೋಗಿ, ಅದೆಲ್ಲ ಅಕ್ಕರೆಗೆ ಹೇಳುತ್ತಿರುವ ಸುಳ್ಳು ಎನ್ನುತ್ತೇನೆ ಎಂದು ಹೆದರಿಸಿದ್ದಾನೆ. ಅವನ ಹಟಕ್ಕೆ ಅರ್ಥವಿಲ್ಲದಿಲ್ಲ. ತಪ್ಪು ಒಪ್ಪಿಕೊಂಡ ದಿನ ಅಕ್ಕನ ಕೆಲಸ ಹೋಗುತ್ತದೆ. ಈ ದ್ವೀಪದಲ್ಲಿ ಸೂಟು ಅಂಟಿಸುವ ಶೆಡ್ಡು ಇರುವುದು ಒಂದೇ.

ಮಾಲೀಕರಿಗೆ ಈ ಲೇಖನದ ಬಗ್ಗೆ ಬಹಳ ಉತ್ಸಾಹ. ಫೋಟೋಗೆಂದು ಅಂಗಡಿಯ ಹೆಸರಿರುವ ಹೊಸ ಅಂಗಿ ಅಂಟಕ್ಕನಿಗೆ ಕೊಡಿಸಿದ್ದಾರೆ. ನಮ್ಮ ಕುಟುಂಬದ ಒಬ್ಬರಿದ್ದಂತೆ, ಹಾಗೆಂದು ಬರೆಯಿರಿ ಎಂದು ಅಕ್ಕರೆಯಿಂದ ಹೇಳಿದ್ದಾರೆ. ಬರೆದಾಯಿತು.

ಸಂಜೆ ಕೊನೆಯ ದೋಣಿಯ ಸೂಟುಗಳು ಬಂದು ಬಿದ್ದಿವೆ. ಅಂಟಕ್ಕ ಮತ್ತೆ ಮೊದಲ ತೊಟ್ಟಿಗೆ ಬಗ್ಗಿದ್ದಾರೆ. ಈವರೆಗೆ ಬರೆದದ್ದನ್ನು ಓದಿ ಹೇಳಿದಾಗ ಪೂರ್ತಿ ಕೇಳಿಸಿಕೊಂಡು, ಕಣ್ಣಳತೆಯ ಹೊಗಳಿಕೆ ಬರುವ ಕಡೆ, "ಅದು ತೆಗೆದ್ರೂ ಪರವಾಗಿಲ್ಲ," ಎಂದರು. ಸಹಿಯ ವಿಷಯ ಬರುವ ಕಡೆ, "ಅದು ಇರಲಿ," ಎಂದರು.

ಮಾಲೀಕರು ಶೆಡ್ಡಿನ ಬಾಗಿಲಲ್ಲಿ ತಲೆ ತೂರಿಸುತ್ತಾರೆ. "ಏನಮ್ಮ, ಎಲ್ಲಾ ಹೇಳಿದ್ಯಾ ಇವರಿಗೆ?"

"ಹೇಳ್ದೆ ಸರ್."

"ಒಳ್ಳೇ ಪ್ರಚಾರ ಆಗತ್ತೆ ಬಿಡು," ಎಂದು ಹೋಗುತ್ತಾರೆ.

ಇದು ಅಚ್ಚಾದ ಮೇಲೆ ನಿಮ್ಮ ಕೆಲಸ ಹೋದರೆ? ಅಂಟಕ್ಕ ತೋಳಿನೊಳಗೆ ಭುಜದವರೆಗೆ ಕೈ ಹಾಕಿ ಒಂದು ಸೂಟನ್ನು ಒಳಹೊರಗು ಮಾಡುತ್ತಾರೆ. "ಹೋಗತ್ತೆ. ಹೋದ್ರೆ ಚಪ್ಪಲಿ ಅಂಟಿಸ್ತೀನಿ. ಕಾಲು ಇರೋರೆಲ್ಲ ಚಪ್ಪಲಿ ಹಾಕ್ತಾರೆ." ಆಮೇಲೆ ಹೆಚ್ಚು ಯೋಚಿಸದೆ, ಅತಿಥಿಗೆ ಸೂಟಿನ ಅಳತೆ ಹೇಳುವಷ್ಟೇ ಸಲೀಸಾಗಿ, ಏನು ಅಚ್ಚಾಗಬೇಕೆಂದು ಹೇಳಿ ಬರೆಸುತ್ತಾರೆ.

"ಏಳು ಅಂತ ಇರಬೇಕಾದ ಕಡೆ ನಾಲ್ಕು ಅಂತ ಬರೆದವಳು ನಾನು. ಸುಳ್ಳು ಪುಸ್ತಕಕ್ಕೆ ಸಹಿ ಹಾಕಿದವಳೂ ನಾನೇ. ಅವನಿಗೆ ತೂಕದ ಲೆಕ್ಕ ಚೆನ್ನಾಗಿ ಗೊತ್ತು. ಇಷ್ಟು ದೊಡ್ಡ ಅಕ್ಷರದಲ್ಲಿ ಹಾಕಿ. ಕಾಗದ ಬರೆದ್ರೆ ಹರೀತಾನೆ. ಪೇಪರು ಮನೆಮನೆಗೂ ಹೋಗತ್ತೆ. ಎಷ್ಟು ಅಂತ ಹರೀತಾನೆ?"